ಮಲ್ಕಣ್ಣ ಕಟ್ಟಿದ ಬಸ್ ಸ್ಟ್ಯಾಂಡ್

ಬೆಳಿಗ್ಗೆ ಆಫೀಸಿನ ಗ್ರೂಪಿನಲ್ಲಿ ಮಲ್ಕಣ್ಣ ತೀರಿಕೊಂಡ ಮೆಸೇಜ್ ನೋಡಿ, ಬೇರೆ ಯಾರೋ ಮಲ್ಕಣ್ಣ ಇರಬೇಕು ಅಂದುಕೊಂಡೆ...
ನಮ್ಮ ಕಡೆ ಓಣಿಗೆ ಇಬ್ಬರು ಮಲ್ಕಣ್ಣರು ಇರುತ್ತಾರಲ್ಲ.
ಫೋಟೋ ತೆರೆದುಕೊಂಡಿತು.
ನಮ್ಮವನೇ.

ಶಹಾಪುರಕ್ಕೆ ಹೋಗಿ, ಮಣ್ಣು ಕೊಟ್ಟು, ಈಗಷ್ಟೇ ಯಾದಗಿರಿಗೆ ಬಂದು ಕುಳಿತಿದ್ದೇನೆ.
ಇಂಥದ್ದನ್ನು ಈ ವರ್ಷ ಬರೆಯುತ್ತಿರುವುದು ಮೂರನೇ ಸಲ...
ಸಾಕಾಗಿದೆ ಸ್ನೇಹಿತರೇ.

ಅವನನ್ನು ಅರಿಯದವರಿಗೆ ಹೇಳುತ್ತೇನೆ.
ನನಗೆ ಯಾದಗಿರಿಗೆ ವರ್ಗವಾಗುವವರೆಗೆ, ಶಹಾಪುರದ ಆಫೀಸಿನಲ್ಲಿ ಇಪ್ಪತ್ತಾರು ವರ್ಷ ನನ್ನ ಪಕ್ಕದ ಟೇಬಲ್ಲಿನ ಗುಮಾಸ್ತ.
ಮನೆಗೆ ಹೋದರೆ ಮಾಡೆಲ್ ಕಟ್ಟುವವನು.
ಹೈಸ್ಕೂಲಿನಲ್ಲಿದ್ದಾಗ ಹೈದರಾಬಾದಿನ ಮಾವ ತಂದುಕೊಟ್ಟ ಪ್ಲಾಸ್ಟಿಕ್ ವಿಮಾನದ ಕಿಟ್‌ನಿಂದ ಹತ್ತಿದ ಹುಚ್ಚು.
ಆಮೇಲೆ ಹಡಗು... ಸಮುದ್ರವನ್ನೇ ನೋಡದವನು ಎಂಟು ಹಡಗು ಕಟ್ಟಿದ್ದ!

ಕೊನೆಗೆ ಹಿಡಿದದ್ದು ಶಹಾಪುರದ ಬಸ್ ಸ್ಟ್ಯಾಂಡ್.
ನಾವು ನೌಕರಿಗೆ ಸೇರಿದ ಕಾಲದಲ್ಲಿ ಇದ್ದ ಹಾಗೆ.
ಕೆಂಪು ಬಸ್ಸು, ಚಹಾದಂಗಡಿ, ತಂತಿ ಮತ್ತು ಗೋಡೆಗೆ ಹಚ್ಚುವ ಪುಟ್ಟಿಯಿಂದ ಮಾಡಿದ ಉಗುರಿನೆತ್ತರದ ಮನುಷ್ಯರು...
ಒಬ್ಬೊಬ್ಬರೂ ಅವನು ಕಂಡವರೇ.
ಬಸ್ಸಿನ ಹಿಂದೆ ಓಡುತ್ತಿರುವವನು ನಾನು.

ಅವನ ಹೆಂಡತಿ ಅಯ್ಯಮ್ಮ ವೈನಿಗೆ ಪೇಂಟಿನ ವಾಸನೆಯೇ ಆಗುತ್ತಿರಲಿಲ್ಲ.
"ಮನಿಗಿ ಬಂದ ಮಂದೀಗಿ ಕೂಡ್ಲಾಕ ಜಾಗಿಲ್ಲ, ಇವ್ರಿಗಿ ಬಸ್ ಸ್ಟ್ಯಾಂಡ್ ಬೇಕಾಗ್ಯದ!" ಎಂದು ನನ್ನೆದುರೇ ಬೈಯುತ್ತಿದ್ದರು.
ಇವನು ತಲೆ ಎತ್ತುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಬಲಗೈ ನಡುಗಲು ಶುರುವಾಯಿತು.
ನರದ ಕಾಯಿಲೆ, ಗುಣವಾಗುವಂಥದ್ದಲ್ಲ ಅಂದರು ಡಾಕ್ಟರು.
ಒಂದು ಭಾನುವಾರ ನಾನು ಅಲ್ಲೇ ಕುಳಿತಿದ್ದೆ. ಚಹಾದಂಗಡಿಯವನ ಕೊರಳಿಗೆ ಕೆಂಪು ವಸ್ತ್ರ ಬರೆಯಲು ಹೋದ.
ಕುಂಚ ಜಾರಿ ಗೊಂಬೆಯ ಮುಖವೆಲ್ಲ ಕೆಂಪಾಯಿತು.
ಒರೆಸಿದ. ಮತ್ತೆ ಹಾಗೇ ಆಯಿತು.
"ಸಾಕ್ ಬಿಡಪಾ... ಕೈ ಮಾತ್ ಕೇಳವಲ್ದು" ಅಂದ.
ಕುಂಚ, ಡಬ್ಬಿ, ಗೊಂಬೆ ಎಲ್ಲವನ್ನೂ ಟ್ರಂಕಿಗೆ ಹಾಕಿ ಚಿಲಕ ಹಾಕಿಬಿಟ್ಟ.

ಮಲ್ಕಣ್ಣಾ...
ಅವತ್ತು ನಾನು ಎದ್ದು ಬಂದುಬಿಟ್ಟೆ.
ನಾಲ್ಕು ತಿಂಗಳು ನಿನ್ನ ಮನೆ ಕಡೆ ಸುಳಿಯಲಿಲ್ಲ.
ಕೆಲಸ ಇತ್ತು ಅಂದೆ. ಸುಳ್ಳು.
ನಿನ್ನ ಕೈ ನೋಡುವ ಧೈರ್ಯ ನನಗಿರಲಿಲ್ಲ.
ಕ್ಷಮಿಸು ದೋಸ್ತ.

ಮತ್ತೆ ಬಂದಾಗ ಏನು ನೋಡಿದೆ ಗೊತ್ತಾ...
ಟ್ರಂಕು ತೆರೆದಿತ್ತು.
ವೈನಿ ನಿನ್ನ ಕನ್ನಡಕ ಹಾಕಿಕೊಂಡು, ನಿನ್ನ ಸಣ್ಣ ಕುಂಚ ಹಿಡಿದು ಕುಳಿತಿದ್ದರು!
ನೀನು ಪಕ್ಕದಲ್ಲಿ ಕುಳಿತು ಬಣ್ಣ ಹೇಳುತ್ತಿದ್ದೆ.

"ಆ ಹಸರು ಅಲ್ಲ, ಗಿಣಿ ಹಸರು. ಆಕಿ ಸೀರಿ ಗಿಣಿ ಹಸರಿತ್ತು."
"ಯಾರ ಸೀರಿ ಅದು, ಇಷ್ಟು ನೆಪ್ಪಿಟ್ಟೀರಿ?"
"ನಿಂದೇ. ಸುರಪುರದಿಂದ ಲಗ್ನಾಗಿ ಬಂದು ಇಳದಾಗ ಉಟ್ಟಿದ್ದಿ."

ವೈನಿ ಕುಂಚ ಕೆಳಗಿಟ್ಟರು.
ಬಹಳ ಹೊತ್ತು ಆ ಗೊಂಬೆಯನ್ನೇ ನೋಡಿದರು.
ಆಮೇಲೆ ಏನೂ ಆಗದವರಂತೆ ಸೆರಗಿಗೆ ಗಿಣಿ ಹಸಿರು ಹಚ್ಚತೊಡಗಿದರು.
ನೀನು ನನ್ನ ಕಡೆ ನೋಡಿ ನಕ್ಕೆ...
ಇಪ್ಪತ್ತಾರು ವರ್ಷದಲ್ಲಿ ಆ ನಗು ನಾನು ಕಂಡಿರಲಿಲ್ಲ.

ಅಲ್ಲಿಂದಾಚೆಗೆ ದಿನಾ ಇಬ್ಬರದೂ ಅದೇ ಕೆಲಸ. ಬೈಗುಳವೂ ಇತ್ತು, ಬಣ್ಣವೂ ಇತ್ತು.
ನಿನ್ನೆ ಸಂಜೆಯೂ ಒಂದು ಗೊಂಬೆ ಮುಗಿಸಿದ್ದರಂತೆ.
ಇವತ್ತು ಬೆಳಿಗ್ಗೆ ವೈನಿ ಚಹಾ ತಂದು ಎಬ್ಬಿಸಿದಾಗ ಇವನು ಏಳಲಿಲ್ಲ.

ಮಧ್ಯಾಹ್ನ ಎಲ್ಲ ಮುಗಿಸಿ ಮನೆಗೆ ಬಂದಾಗ ವೈನಿ ಒಳಗೆ ಕರೆದರು. ಅಳುತ್ತಿರಲಿಲ್ಲ.
"ಅಣ್ಣಾ, ಇನ್ನಾ ನಾಕ್ ಮಂದೀಗಿ ಬಣ್ಣ ಹಚ್ಚೋದು ಉಳದದ. ಯಾವ ಬಣ್ಣ ಅಂತ ಹೇಳಲಾರ್ದ ಹೋಗ್ಯಾರ."
"ನಿಮಗ ತಿಳದಿದ್ದು ಹಚ್ರಿ ವೈನಿ" ಅಂದೆ.
ಬೇಡವೆಂದು ತಲೆಯಾಡಿಸಿದರು.
"ಅವ್ರಿಗಷ್ಟೇ ಗುರ್ತಿದ್ದ ಮಂದಿ ಅವ್ರು... ನಾ ಯಾರನ್ ಕೇಳ್ಲಿ?"

ನಾಲ್ಕೂ ಗೊಂಬೆಗಳನ್ನು ಎತ್ತಿ ನೋಡಿದೆ, ಒಬ್ಬರ ಗುರುತೂ ಸಿಗಲಿಲ್ಲ.

ಹೋಗಿ ಬಾ ದೋಸ್ತ...
ನಿನ್ನ ಜೀವ ನೆಮ್ಮದಿಯಿಂದಿರಲಿ.
ವೈನಿಯ ಜೀವಕ್ಕೂ ಒಂದಿಷ್ಟು ನೆಮ್ಮದಿ ಸಿಗಲಿ. 🙏