ಹುಳುಮನೆಯ ಕಿಟಕಿಯಲ್ಲಿ ಹಚ್ಚಿದ ಊದುಬತ್ತಿ

೧೯೬೨ರಲ್ಲಿ ನಾನು ಚಿಕ್ಕಬಳ್ಳಾಪುರದ ಒಂದು ಮುದ್ರಣಾಲಯದಲ್ಲಿ ಕ್ಯಾನ್ವಾಸರ್ ಆಗಿದ್ದೆ. ಅಂಗಡಿ ಅಂಗಡಿ ಸುತ್ತಿ ಲೇಬಲ್, ಹ್ಯಾಂಡ್‌ಬಿಲ್‌ಗಳ ಆರ್ಡರ್ ತರುವುದು ನನ್ನ ಕೆಲಸ. ಆರ್ಡರ್ ಕೊಟ್ಟವರಿಗೆ ಬಿಟ್ಟಿ ಸಲಹೆಯನ್ನೂ ಕೊಡುತ್ತಿದ್ದೆ: ಮಾಲನ್ನು ಯಾರಿಗೆ ತೋರಿಸಬೇಕು, ಎಲ್ಲಿ, ಯಾವ ಮಾತು ಹೇಳಿ. ಈಗ ಅದಕ್ಕೆ ಮಾರ್ಕೆಟಿಂಗ್ ಕಮ್ಯುನಿಕೇಷನ್ಸ್ ಸ್ಟ್ರ್ಯಾಟಜಿ ಅನ್ನುತ್ತಾರಂತೆ. ನಾವು ಪ್ರಚಾರದ ಪ್ಲಾನು ಅನ್ನುತ್ತಿದ್ದೆವು. ಗೆದ್ದ ಪ್ಲಾನುಗಳ ಬಗ್ಗೆ ನಾನು ಬೇಕಾದಷ್ಟು ಜಂಬ ಕೊಚ್ಚಿಕೊಂಡಿದ್ದೇನೆ. ಇದು ನಾನು ಹಾಳು ಮಾಡಿದ ಪ್ಲಾನಿನ ಕಥೆ.

ಮುರುಗಮಲ್ಲದ ಸುಬ್ಬಮ್ಮ ಊದುಬತ್ತಿ ಹೊಸೆದು, ದರ್ಗಾಕ್ಕೆ ಬರುವವರಿಗೆ ಮಾರುತ್ತಿದ್ದರು. ಗಂಡ ತೀರಿಕೊಂಡಿದ್ದರು. ಅವರ ಜಗಲಿಯ ಮೇಲೆ ಇನ್ನೂ ನಾಲ್ಕು ಜನ ಹೆಂಗಸರು ಕೂತು ಬತ್ತಿ ಹೊಸೆದು ಸಂಸಾರ ತೂಗಿಸುತ್ತಿದ್ದರು. ಉರುಸಿನ ದಿನಗಳಲ್ಲಿ ವ್ಯಾಪಾರ ಜೋರು, ಉಳಿದ ದಿನ ನೊಣ ಹೊಡೆಯುವುದೇ.

"ಶಿಡ್ಲಘಟ್ಟದ ಕಡೆ ಅಂಗಡಿಯೋರು ನಮ್ಮ ಬತ್ತಿ ಇಟ್ಕೊಂಡ್ರೆ ಈ ಹೆಂಗಸರಿಗೆ ವರ್ಷವೆಲ್ಲ ಕೆಲಸ ಸಿಗ್ತದೆ ಕಣಪ್ಪ. ಏನಾದ್ರೂ ದಾರಿ ಹೇಳು," ಅಂದರು.

ಹೇಳಿದೆ. ಬತ್ತಿಗೊಂದು ಹೆಸರು, ಮಲ್ಲಿಗೆಯ ಚಿತ್ರದ ಲೇಬಲ್ಲು, ಟೂರಿಂಗ್ ಟಾಕೀಸಿನಲ್ಲಿ ಇಂಟರ್‌ವಲ್ ಹೊತ್ತಿಗೆ ಒಂದು ಸ್ಲೈಡು. ಎಲ್ಲಕ್ಕಿಂತ ಮುಖ್ಯವಾಗಿ ಹಳ್ಳಿಗಳಲ್ಲಿ ಮನೆಮನೆಗೆ ಸ್ಯಾಂಪಲ್ಲು, ಅಂದರೆ ಬಿಟ್ಟಿಯಾಗಿ ಐದು ಬತ್ತಿಯ ಪೊಟ್ಟಣ. ಕೊಡುವಾಗ ಬಾಗಿಲಲ್ಲೇ ಒಂದು ಹಚ್ಚಬೇಕು. ಪರಿಮಳ ಒಳಗೆ ಹೋದರೆ ಮನೆಯಾಕೆ ಆಚೆ ಬರುತ್ತಾಳೆ ಅನ್ನುವುದು ನನ್ನ ಲೆಕ್ಕಾಚಾರ.

ಸುಬ್ಬಮ್ಮನವರ ಮುಖ ಸಣ್ಣಗಾಯಿತು. ತೆಲುಗು ಬೆರೆಸಿ ಮಾತಾಡುವುದು ಅವರ ರೂಢಿ. "ವದ್ದು ನಾಯನಾ, ಬೇಡ. ಆ ಕಡೆ ಮನೆಮನೇಲೂ ರೇಷ್ಮೆ ಹುಳ ಸಾಕ್ತಾರೆ. ಹುಳಕ್ಕೆ ಹೊಗೆ ಆಗಲ್ಲ, ವಾಸನೆ ಆಗಲ್ಲ. ತಲೆಗೆ ಎಣ್ಣೆ ಹಚ್ಕೊಂಡೋರ್ನೂ ಒಳಕ್ಕೆ ಬಿಡಲ್ಲ. ಪೊಟ್ಟಣ ಕೊಟ್ಟು ಬಂದ್ಬಿಡಣ."

"ಅವ್ರೂ ದೇವರ ಮುಂದೆ ಬತ್ತಿ ಹಚ್ತಾರಲ್ಲಮ್ಮ! ಸುಮ್ನೆ ಹೆದರ್ಕೋಬೇಡಿ," ಅಂದೆ. ಹೌದು, ಹಚ್ಚುತ್ತಿದ್ದರು, ಆದರೆ ಹುಳು ಇರುವ ಕೋಣೆಯಿಂದ ದೂರದಲ್ಲಿ. ಅದನ್ನು ಕೇಳಿ ತಿಳಿದುಕೊಳ್ಳುವ ತಾಳ್ಮೆ ನನಗೆಲ್ಲಿತ್ತು? ನಾಲ್ಕಕ್ಷರ ಅಚ್ಚು ಹಾಕಿಸಿದವನಿಗೆ ಹಳ್ಳಿ ಹೆಂಗಸಿನ ಮಾತು ಯಾವ ಲೆಕ್ಕ, ಅನ್ನುವ ಕೊಬ್ಬು.

ಶಿಡ್ಲಘಟ್ಟದ ಹತ್ತಿರದ ಒಂದು ಹಳ್ಳಿಗೆ ಇಬ್ಬರೂ ಹೋದೆವು. ಸುಬ್ಬಮ್ಮ ಬರೀ ಪೊಟ್ಟಣ ಕೊಟ್ಟುಕೊಂಡು ಒಂದು ಸಾಲಿನಲ್ಲಿ ಹೋದರು. ನಾನು ಇನ್ನೊಂದು ಸಾಲಿನಲ್ಲಿ. ಮುನಿಯಪ್ಪ ಎಂಬುವರ ಮನೆಯ ಬಾಗಿಲು ಮುಚ್ಚಿತ್ತು, ಪಕ್ಕದ ಕಿಟಕಿಗೆ ಒದ್ದೆ ಗೋಣಿತಾಟು ಇಳಿಬಿಟ್ಟಿದ್ದರು. ಕೂಗಿದರೆ ಯಾರೂ ಓಗೊಡಲಿಲ್ಲ. ನಾನು ಒಂದಲ್ಲ, ಐದೂ ಬತ್ತಿ ಹಚ್ಚಿ ಗೋಣಿತಾಟಿನ ಸಂದಿಗೆ ಸಿಕ್ಕಿಸಿ, ಪೊಟ್ಟಣದ ಕಾಗದವನ್ನು ಹೊಸ್ತಿಲಲ್ಲಿಟ್ಟು ಮುಂದಿನ ಬೀದಿಗೆ ಹೋದೆ. ಒಳಗಿದ್ದ ಹುಳುಗಳು ಕೊನೆಯ ಜ್ವರ ಎದ್ದು, ಅಂದರೆ ಕೊನೆಯ ಸಲ ಪೊರೆ ಕಳಚಿ, ಇನ್ನು ನಾಲ್ಕೈದು ದಿನದಲ್ಲಿ ಗೂಡು ಕಟ್ಟುವುದರಲ್ಲಿದ್ದವು.

ವಾರ ಕಳೆದು ನಾನು ಎರಡನೇ ಕಂತಿನ ಲೇಬಲ್ಲು ತೆಗೆದುಕೊಂಡು ಮುರುಗಮಲ್ಲಕ್ಕೆ ಹೋದಾಗ ಮುನಿಯಪ್ಪ ಮತ್ತು ಅವರ ಹೆಂಡತಿ, ಊರಿನ ಹೆಸರಿದ್ದ ಪೊಟ್ಟಣದ ಕಾಗದ ಹಿಡಿದು, ಸುಬ್ಬಮ್ಮನವರ ಜಗಲಿಯ ಮುಂದೆ ನಿಂತಿದ್ದರು. ಹುಳುಗಳು ಸೊಪ್ಪು ತಿನ್ನುವುದು ಬಿಟ್ಟು, ಮೆತ್ತಗಾಗಿ, ತಟ್ಟೆಗಟ್ಟಲೆ ಸತ್ತುಹೋಗಿದ್ದವಂತೆ. ಹೊಗೆಯಿಂದಲೋ ರೋಗದಿಂದಲೋ, ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಿಲ್ಲ ಅನ್ನುವುದರ ಹಿಂದೆ ಎಷ್ಟೋ ವರ್ಷ ಅಡಗಿಕೊಂಡಿದ್ದೇನೆ.

"ನಮ್ ಕಿಟಕೀಲಿ ಬತ್ತಿ ಸಿಕ್ಸಿದ್ದು ಯಾರಮ್ಮ?" ಮುನಿಯಪ್ಪ ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು.

ಸುಬ್ಬಮ್ಮ ನನ್ನ ಕಡೆ ತಿರುಗಿದರು. ನಾನು ಲೇಬಲ್ಲಿನ ಕಟ್ಟು ಬಿಚ್ಚಿ ಎಣಿಸುವವನ ಹಾಗೆ ತಲೆ ತಗ್ಗಿಸಿದೆ. ಒಂದೇ ಒಂದು ಮಾತು ಆಡಬೇಕಿತ್ತು. ಬಾಯಿ ಬರಲಿಲ್ಲ. ನಾಚಿಕೆಗೆಟ್ಟವನು ನಾನು, ಬಾಯಿ ಬರಲಿಲ್ಲ.

"ನಂದೇ ತಪ್ಪಪ್ಪ," ಅಂದರು ಸುಬ್ಬಮ್ಮ. "ನನ್ನ ಮಾಲು, ನನ್ನ ತಪ್ಪು."

ಸುದ್ದಿ ಸಂತೆಯಿಂದ ಸಂತೆಗೆ ಹೋಯಿತು. 'ಹುಳ ತಿನ್ನೋ ಬತ್ತಿ' ಅಂತಲೇ ಹೆಸರು ಬಿತ್ತು. ಶಿಡ್ಲಘಟ್ಟದಲ್ಲಿ ಒಬ್ಬ ಅಂಗಡಿಯವನೂ ಪೊಟ್ಟಣ ಮುಟ್ಟಲಿಲ್ಲ. ಮೊದಲು ಇಬ್ಬರು ಹೆಂಗಸರು ಕೂಲಿಗೆ ಹೋದರು, ಆಮೇಲೆ ಉಳಿದಿಬ್ಬರು. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಮಾಡಿದವನು ನಾನು, ಉಂಡವರು ಅವರು. ಸುಬ್ಬಮ್ಮ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಹೋದಾಗಲೆಲ್ಲ ಕಾಫಿ ಕೊಟ್ಟರು. ಅದಕ್ಕೇ ಹೋಗುವುದನ್ನು ಬಿಟ್ಟೆ.

ಎಂಟು ತಿಂಗಳಾದ ಮೇಲೆ ತಡೆಯಲಾರದೆ ಮುನಿಯಪ್ಪನವರ ಮನೆಗೆ ಹೋದೆ. ಅವರಿರಲಿಲ್ಲ, ಹೆಂಡತಿ ಅಂಗಳದಲ್ಲಿ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದರು. ನಿಂತಲ್ಲೇ ಎಲ್ಲ ಹೇಳಿದೆ. ಹಚ್ಚಿದ್ದು ನಾನು, ಸುಬ್ಬಮ್ಮ ಬೇಡವೆಂದಿದ್ದರು, ಅಂತ.

ಆಕೆ ಕತ್ತಿ ನಿಲ್ಲಿಸಲಿಲ್ಲ. "ಗೊತ್ತು ಕಣಪ್ಪ. ಹಿತ್ತಲಿಂದ ಓಡಿ ಬಂದು ಬತ್ತಿ ಕಿತ್ತವಳು ನಾನೇ. ಬೀದಿ ಕೊನೇಲಿ ನಿನ್ ಬೆನ್ನು ನೋಡ್ದೆ. ಅವತ್ತು ಸುಬ್ಬಮ್ಮನ ಜಗಲಿ ಹತ್ರ, ಈಗ ಹೇಳ್ತಾನೆ, ಈಗ ಹೇಳ್ತಾನೆ ಅಂತ ನಿನ್ ಮುಖಾನೇ ನೋಡ್ತಿದ್ದೆ. ಅಷ್ಟರಲ್ಲಿ ಆಯಮ್ಮ ನಂದೇ ತಪ್ಪು ಅಂದ್ಬಿಟ್ರು. ದೊಡ್ಡೋರು ಒಪ್ಕೊಂಡ್ಮೇಲೆ ನಾನೇನ್ ಹೇಳ್ಲಿ?"

ಆಮೇಲೆ ಮೂವತ್ತು ವರ್ಷ ಈ ಕೆಲಸ ಮಾಡಿದೆ. ಯಾವ ಊರಿಗೆ ಹೋದರೂ ಮಾಲಿನ ಮಾತು ಎತ್ತುವ ಮೊದಲು, ನಿಮ್ಮ ಮನೆಯಲ್ಲಿ ಏನು ಆಗದು ಎಂದು ಕೇಳುತ್ತಿದ್ದೆ. ಅದು ವೃತ್ತಿ ಕಲಿಸಿದ ಪಾಠ, ಕೇಳಿದವರಿಗೆಲ್ಲ ಹೇಳಿಕೊಟ್ಟಿದ್ದೇನೆ. ಇನ್ನೊಂದು ಪಾಠವನ್ನು ಇಂದಿನವರೆಗೆ ಯಾರಿಗೂ ಹೇಳಿಕೊಟ್ಟಿರಲಿಲ್ಲ. ಊರೂರಿಗೆ ಕೂಗಿ ಹೇಳುವುದನ್ನೇ ಕಸುಬು ಮಾಡಿಕೊಂಡವನು ನಾನು. ಹೇಳಲೇಬೇಕಾಗಿದ್ದ ಒಂದು ಮಾತನ್ನು ಮೂರು ಜನರ ಮುಂದೆ ಹೇಳಲಿಲ್ಲ.