ಕ್ಷೌರಿಕನ ನೆತ್ತಿಯಲ್ಲಿ ಚಿಗುರು

"ನಿನ್ನ ತಲೆಗೂದಲನ್ನೇ ಉಳಿಸ್ಕೊಳ್ಳದವನು ನಮ್ಮದನ್ನೇನು ನೋಡ್ಕೋತೀಯ?" ಎಂಬ ಗಿರಾಕಿಗಳ ಕೀಟಲೆಗೆ ಬೇಸತ್ತ ಕ್ಷೌರಿಕ ಕೂದಲು ಬೆಳೆಯಲೆಂದು ಕೆಲವು ತಿಂಗಳಿಂದ ವಿಟಮಿನ್ ಮಾತ್ರೆ ನುಂಗುತ್ತಿದ್ದ. ರಕ್ತದಲ್ಲಿ ಆ ವಿಟಮಿನ್ ಕಡಿಮೆಯಿದ್ದರಷ್ಟೇ ಉಪಯೋಗವಾದೀತು, ಅಪ್ಪನಿಂದ ಬಂದ ಬೋಳುತಲೆಗೆ ಅದು ಸಾಲದು ಎಂದಿದ್ದ ಡಾಕ್ಟರ ಮಾತನ್ನು ಅವನು ಕಿವಿಗೇ ಹಾಕಿಕೊಂಡಿರಲಿಲ್ಲ.

ಒಂದು ಸಂಜೆ ಅಂಗಡಿ ಮುಚ್ಚಿ ಮನೆಗೆ ಬಂದು, ಬಗ್ಗಿ ಚಪ್ಪಲಿ ಬಿಡುತ್ತಿದ್ದವನ ನೆತ್ತಿ ನೋಡಿ ಹೆಂಡತಿ ಕೂಗಿಕೊಂಡಳು.

"ರೀ, ಬಂದಿದೆ! ಕರ್ರಗೆ ಚಿಗುರಿದೆ!"

"ನಿಜವಾಗ್ಲೂ? ಸರಿಯಾಗಿ ನೋಡೇ!"

ಅವನು ಕುಣಿದೇಬಿಟ್ಟ. ಕುಣಿದಂತೆಲ್ಲ ಚಿಗುರು ಹೆಗಲ ಮೇಲೆ ಉದುರಿತು. ಅಂಗಡಿಯ ಫ್ಯಾನಿನ ಗಾಳಿಗೆ ಹಾರಿ, ಬೆವರಿಗೆ ಅಂಟಿಕೊಂಡಿದ್ದ ಗಿರಾಕಿಗಳ ತುಂಡುಗೂದಲು ಅದು.

"ಇದು ನಿಮ್ಮಪ್ಪ ಬಿಟ್ಟುಹೋದ ಆಸ್ತಿ ರೀ, ಮಾತ್ರೆಗೆಲ್ಲ ಜಗ್ಗೋದಲ್ಲ," ಎನ್ನುತ್ತ ಅವಳು ಸೆರಗಿನಿಂದ ನೆತ್ತಿ ಒರೆಸಿದಳು.

ಅವನು ಬಿದ್ದು ಬಿದ್ದು ನಕ್ಕ. "ಆದ್ರೂ ಒಂದು ಗಳಿಗೆ ಬಂದಿತ್ತಲ್ಲೇ!"