ನಿಧಾನದ ವೇಷ

ಮೊನ್ನೆ ಟಿ.ವಿ. ರಿಪೇರಿಗೆಂದು ಹುಮನಾಬಾದಿನ ಅಂಗಡಿಗೆ ಹೋಗಿದ್ದೆ. ಅಲ್ಲಿ ಯಾರದೋ ಹಳೆಯ ಕಂಪ್ಯೂಟರ್ ಚಾಲೂ ಆಯಿತು. ಬಿಸಿಯಾದ ಧೂಳಿನ ವಾಸನೆ, ಹಿಂದೆಯೇ ಒಂದು ಬೀಪ್. ನನ್ನ ಕೈ ತಾನಾಗಿ ಮುಂದೆ ಚಾಚಿತು, ಅಲ್ಲಿಲ್ಲದ ವಾಲ್ವ್ ತಿರುಗಿಸಲು…

ಎಂಬತ್ತರ ದಶಕದ ಕೊನೆಗೆ ಅಕ್ಕ ಈ ಊರಿನ ಔಷಧ ಕಾರ್ಖಾನೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದಳು. ಏಳನೆಯದಕ್ಕೆ ಶಾಲೆ ಬಿಟ್ಟ ನನಗೆ ಅಲ್ಲೇ ಕೆಲಸ ಕೊಡಿಸಿದ್ದಳು. ಬಸವಕಲ್ಯಾಣದಿಂದ ಇಬ್ಬರೂ ಒಂದೇ ಬಸ್ಸಿನಲ್ಲಿ ಬರುತ್ತಿದ್ದೆವು. ಔಷಧ ಬೆರೆಸುವಾಗ ಕಂಪ್ಯೂಟರ್ ಬೀಪ್ ಎಂದರೆ ನಾನು ನನ್ನ ಟ್ಯಾಂಕಿನ ವಾಲ್ವ್ ಮುಚ್ಚಬೇಕು. ಪರದೆಯಲ್ಲಿ ಮುಂದಿನ ಹಂತ ಬಂದಾಗ ಆಚೆ ಟ್ಯಾಂಕಿನ ಕೆಲಸದವನು ತನ್ನದನ್ನು ತೆರೆಯಬೇಕು. ಯಂತ್ರ ನಿಧಾನವಾಗಿತ್ತು, ನಮ್ಮ ಕೈ ಅದಕ್ಕೆ ಒಗ್ಗಿತ್ತು.

ಅದು ಕೆಟ್ಟು ಹೊಸದು ಬಂತು. ಹಳೆಯ ಪ್ರೋಗ್ರಾಂ ಅದರಲ್ಲಿ ಓಡಲಿಲ್ಲ. ಹೊಸ ಯಂತ್ರ ಹಳೆಯದರಂತೆ ನಟಿಸಲೆಂದು ಎರಡು ಎಮ್ಯುಲೇಟರ್ ತರಿಸಿದರು. ಒಂದು ಭಾರಿ ವೇಗದ್ದು, ಇನ್ನೊಂದು ಹಳೆಯದರಷ್ಟೇ ನಿಧಾನ. ಅಕ್ಕ ಎರಡನ್ನೂ ಓಡಿಸಿ ನೋಡಿ ನಿಧಾನದ್ದನ್ನು ಆರಿಸಿದಳು.

"ಹೊಸಾ ಮಷೀನ್ ತಂದು ಎತ್ತಿನ ಬಂಡಿ ಹೊಡಿಯೋದೇನವಾ?" ಎಂದು ಮ್ಯಾನೇಜರ್ ನಕ್ಕರು.

"ಹಗಲುವೇಷದಾಂವ ಮುದುಕ ಆಗಿ ಬಂದ್ರ ಮುದುಕನ್ಹಂಗ ನಡೀಬೇಕ್ರಿ. ಓಡಿದ್ರ ಅದ್ಯಾವ ವೇಷ? ವಾಲ್ವ್ ಮುಚ್ಚಾಕ ಇವರಿಗಿ ಪುರಸೊತ್ತು ಬ್ಯಾಡೇನ್ರಿ?"

ಒಂದು ದಿನ ಅಕ್ಕ ಊಟಕ್ಕೆ ಎದ್ದಾಗ ಮ್ಯಾನೇಜರ್ ತಾವೇ ವೇಗದ್ದನ್ನು ಹಾಕಿದರು. ಬೀಪ್ ಕೇಳಿ ನಾನು ಕೈ ಹಾಕುವಷ್ಟರಲ್ಲಿ ಪರದೆ ಮುಂದಿನ ಹಂತಕ್ಕೆ ಹೋಗಿತ್ತು, ಆಚೆಯವನು ತನ್ನ ವಾಲ್ವ್ ತೆರೆದಿದ್ದ. ಮಾಲೆಲ್ಲ ಬೆರೆತು ಹಾಳಾಯಿತು.

ಮಾಲೀಕರು ನನ್ನನ್ನೇ ಕೇಳಿದರು: "ಯಾವ್ದು ನಡದಿತ್ತಪಾ?"

ಮ್ಯಾನೇಜರ್ ನನ್ನನ್ನು ದಿಟ್ಟಿಸುತ್ತಿದ್ದರು. ನೌಕರಿ ಹೋದೀತೆಂದು ಹೆದರಿ "ಅಕ್ಕ ಆರಿಸಿದ್ದೇ ರಿ" ಎಂದೆ.

ಅಕ್ಕನನ್ನು ಕರೆಸಿ, ನಿಧಾನದ್ದನ್ನು ಆರಿಸಿದ್ದು ತಪ್ಪೆಂದು ಬರೆದುಕೊಟ್ಟರೆ ಉಳಿಸಿಕೊಳ್ಳುತ್ತೇವೆ ಎಂದರು. ಅಕ್ಕ ಪೆನ್ನು ಮುಟ್ಟಲಿಲ್ಲ.

"ನಿಧಾನದ್ದೇ ಖರೇ ಅದ ರಿ. ನಾಳೆ ಕೇಳಿದ್ರೂ ಇದೇ ಹೇಳ್ತೀನಿ."

ಚೀಲ ಎತ್ತಿಕೊಂಡು ತಲೆ ಎತ್ತಿಯೇ ಹೊರಟಳು. ಸಂಜೆ ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕೂತು, "ನಿನ್ನ ನೌಕರಿಯಾದ್ರೂ ಉಳೀತಲ್ಲೋ" ಎಂದಳು. ಕನಿಕರವೋ, ಚುಚ್ಚುಮಾತೋ… ಆಮೇಲೆ ಊರಲ್ಲಿ ಟೈಪಿಂಗ್ ಕಲಿಸಿಕೊಂಡಿದ್ದಳು. ಕಂಪ್ಯೂಟರ್ ಮುಂದೆ ಮತ್ತೆ ಕೂರಲಿಲ್ಲ. ಈಗ ಅವಳೇ ಇಲ್ಲ.

"ಭಾಳ ನಿಧಾನ ಅದ ಕಾಕಾ, ಇದನ್ನ ಗುಜರಿಗಿ ಹಾಕೋದೇ," ಎಂದ ರಿಪೇರಿಯವನು.

"ಅವತ್ತು ನಡದಿದ್ದು ಅಕ್ಕ ಆರಿಸಿದ್ದಲ್ಲ. ವೇಗದ್ದು," ಎಂದೆ.

ಅವನು ಏನೂ ತಿಳಿಯದೆ ನನ್ನ ಮುಖ ನೋಡಿದ. ಕೇಳಬೇಕಾದವರು ಯಾರೂ ಅಲ್ಲಿರಲಿಲ್ಲ. ಆದರೂ ಇನ್ನೊಮ್ಮೆ, ರಸ್ತೆಯವರಿಗೂ ಕೇಳುವಂತೆ ಹೇಳಿದೆ.